ಅಪ್‌ಡೇಟ್: ಕಥಾ ಕಮ್ಮಟಕ್ಕೆ ಕೊನೆಗೂ ಸೇರಿದೆ

ಬ್ಯಾಂಕಿನ ಲೋನ್ ಫೈಲಿಗೆ ಟಿಪ್ಪಣಿ ಬರೆದದ್ದು ಬಿಟ್ಟರೆ ಏನೂ ಬರೆಯದ ನಾನು 46ನೇ ವಯಸ್ಸಲ್ಲಿ ಕಥಾ ಕಮ್ಮಟಕ್ಕೆ ಹೋಗಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಚಿಕ್ಕ ಗುಂಪು ಹುಡುಕಿ ಅಂತ ನೀವು ಹೇಳಿದ್ದಿರಿ. ಹೋದೆ. ಬಸವನಗುಡಿಯ ಒಂದು ಮನೆಯ ಮಹಡಿ, ಭಾನುವಾರ ಬೆಳಿಗ್ಗೆ, ಒಟ್ಟು 7 ಜನ. ಒಬ್ಬರದು ಎರಡು ಕಥಾ ಸಂಕಲನ ಬಂದಿದೆ, ಒಬ್ಬಳು ಪಿಯುಸಿ ಹುಡುಗಿ.

ಕಮ್ಮಟ ನಡೆಸುವವರು 10 ನಿಮಿಷ ಕೊಟ್ಟು ಅಡುಗೆಮನೆಯ ಒಂದು ವಸ್ತುವಿನ ಬಗ್ಗೆ ಬರೀರಿ ಅಂದರು. ನಾನು ಅಜ್ಜಿಯ ಈಳಿಗೆಮಣೆ ಹಿಡಿದೆ. 'ಅಜ್ಜಿಯ ಪ್ರೀತಿ ಅಪಾರ' ಅಂತ ಶುರು! ಗಟ್ಟಿಯಾಗಿ ಓದುವಾಗ ಹಾಳೆ ನಡುಗುತ್ತಿತ್ತು. ಉಳಿದವರು ಮಾತಾಡಿ ಮುಗಿಸುವ ತನಕ ಬರೆದವರು ಬಾಯಿ ಬಿಡುವ ಹಾಗಿಲ್ಲ. ನನಗೆ ಅದೇ ಕಷ್ಟವಾಗಿದ್ದು. "ಅಂಕಲ್, ಆ ಪ್ರೀತಿ ಸಾಲು ತೆಗೆದುಬಿಡಿ. ಸೆರಗಿಗೆ ಕಾಯಿತುರಿ ಅಂಟಿತ್ತು ಅಂದ್ರಲ್ಲ, ಅಲ್ಲಿಂದ ಶುರು ಮಾಡಿ" ಅಂದಳು ಪಿಯುಸಿ ಹುಡುಗಿ. ಮೊದಲು ಕೋಪ ಬಂತು, ಮನೆಗೆ ಬಂದು ತೆಗೆದೆ. ಅವಳು ಹೇಳಿದ್ದೇ ಸರಿ.

ಸಂಕಲನದವರೂ ಪೆನ್ನು ಕಚ್ಚುತ್ತಾ ಕೂತಿದ್ದರು, ಸಮಾಧಾನ ಆಯ್ತು. 'ಚೆನ್ನಾಗಿದೆ' ಅಂತಷ್ಟೇ ಹೇಳಿ ಸುಮ್ಮನಾಗುವವರು ಇಬ್ಬರಿದ್ದಾರೆ, ಅವರಿಂದ ಉಪಯೋಗವಿಲ್ಲ. ಚಿಕ್ಕ ಗುಂಪೇ ಹುಡುಕಿ ಅಂತ ನೀವು ಹೇಳಿದ್ದು ನಿಜ, 7 ಜನಕ್ಕೇ ಎರಡೂವರೆ ಗಂಟೆ ಸಾಲಲಿಲ್ಲ. ಮುಂದಿನ ವಾರ ನನ್ನ ಕಥೆಯ ಸರದಿ, 4 ಪುಟ ಬರೆದು ಜೆರಾಕ್ಸ್ ಮಾಡಿಸಬೇಕು. ಬರೆದಿರುವುದು ಒಂದೂವರೆ.