ಹಳೇ ಮಡಚೋ ಸೈಕಲ್ ತಗೋಬೇಕೋ, ಬ್ಯಾಡೋ? ಸಹಾಯ ಬೇಕು

ಎಲ್ಲಾರಿಗೂ ನಮಸ್ಕಾರ ರೀ. ನಾನು ಬೆಳಗಾವಿ ಟಿಳಕವಾಡಿಯಾಂವ. ಕೆಲಸ ಖಾನಾಪುರದಾಗ, ದಿನಾ ರೈಲಿಗೆ ಹೋಗಿ ಬರ್ತೀನಿ. ಎರಡೂ ಕಡೆ ಸ್ಟೇಷನ್ನಿಂದ ನಡೆಯೋದು ಬಾಳ ಆಗತೈತಿ. ಅದಕ್ಕ ಮಡಚೋ ಸೈಕಲ್ ಹುಡುಕಾಕತ್ತೀನಿ.

ಶಹಾಪುರದಾಗ ಒಬ್ರು ತಮ್ಮ ಹಳೇದನ್ನ 4,500 ರೂಪಾಯಿಗೆ ಕೊಡ್ತೀನಿ ಅಂತಾರ. 20 ಇಂಚಿನ ಗಾಲಿ, 6 ಗೇರ್, ಕಬ್ಬಿಣದ ಫ್ರೇಮ್. ಟೈರು, ಬ್ರೇಕ್ ರಬ್ಬರ್ ಸವದಾವು, ಅದರ ಚಿಂತಿ ಇಲ್ಲ, ಎಲ್ಲಾ ಕಡೆ ಸಿಗತಾವು. ನನ್ನ ಚಿಂತಿ ಫ್ರೇಮ್ ಮಡಚೋ ನಡುವಿನ ಬಿಜಾಗರೀದು. ಅದನ್ನ ಬಿಗಿ ಹಿಡಿಯೋ ಲಿವರ್ ಗಟ್ಟಿ ಹಾಕಿ, ಮುಂದಿನ ಬ್ರೇಕ್ ಹಿಡಿದು ಹಿಂದಮುಂದ ದೂಡಿದ್ರ ಕಟ್ ಕಟ್ ಅಂತೈತಿ. ಸಂದಿ ಆಡೋದು ಬೆರಳಿಗೇ ಗೊತ್ತಾಗತೈತಿ. ವೆಲ್ಡಿಂಗ್ ಹತ್ರ ಕೂದಲೆಳಿಯಂಥ ಒಂದು ಗೆರಿ ಐತಿ. ಬರೇ ಬಣ್ಣ ಬಿರುಕು ಬಿಟ್ಟೈತೋ, ಕಬ್ಬಿಣಾನ ಸೀಳೇತೋ ತಿಳೀವಲ್ದು. ನಮ್ಮೂರ ಮಳಿಗಾಲ ಗೊತ್ತೈತಲ್ರೀ, ಸೀಟಿನ ಪೈಪಿನೊಳಗೂ ತುಕ್ಕು ಹಿಡದೈತಿ.

ಬಿಜಾಗರಿ ಬಿಗಿ ಮಾಡಿಸಿದ್ರ ಸಾಕೇನು? ಬಿರುಕೇ ಇದ್ರ ವೆಲ್ಡಿಂಗ್ ಮಾಡಿಸಿ ನಂಬಬಹುದೋ? ನನ್ನ ತೂಕ 82 ಕೆಜಿ, ಓಡೋ ಮುಂದ ನಡುರಸ್ತೇದಾಗ ಮುರದ್ರ ಅಂತ ಖರೇನ ಹೆದರಿಕಿ ಆಗೇತಿ. ಇಂಥಾ ಸೈಕಲ್ ಓಡಿಸಿದವರು, ರಿಪೇರಿ ಮಾಡಿದವರು ದಯವಿಟ್ಟು ಹೇಳ್ರಿ. ರವಿವಾರ ಸಂಜೀಕ ಅವರಿಗೆ ಉತ್ತರ ಕೊಡಬೇಕು.