ಪಾವಗಡ ಸೋಲಾರ್ ಪಾರ್ಕ್: ಭೂಮಿ ಇಲ್ಲದವರ ಪರವಾಗಿ ಎಲ್ಲಿಂದ ಶುರು ಮಾಡಬೇಕು? (ಒಂದು ಆನ್‌ಲೈನ್ ಚರ್ಚೆ)

ಬಯಲುಸೀಮೆ: ತುಮಕೂರು ಜಿಲ್ಲೆಯ ಈ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವಾಟ್. ಕಲ್ಲಿದ್ದಲು ಸುಡದೆ ಇಷ್ಟು ಕರೆಂಟ್ ಬರುತ್ತದೆ, ಅದು ಬೇಕೇ ಬೇಕು. ಜಮೀನು ಗುತ್ತಿಗೆಗೆ ಕೊಟ್ಟ ರೈತರಿಗೆ ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಆದರೆ ಅದೇ ಹೊಲಗಳಲ್ಲಿ ಕಳೆ ಕೀಳುತ್ತಾ, ಕಡಲೆಕಾಯಿ ಬಿಡಿಸುತ್ತಾ ಬದುಕುತ್ತಿದ್ದ ಕೂಲಿಯವರಿಗೆ ಗುತ್ತಿಗೆ ಹಣದಲ್ಲಿ ಪಾಲೇ ಇಲ್ಲ. ಇವರನ್ನು ಒಟ್ಟು ಸೇರಿಸುವುದು ಹೇಗೆ?

ತಿರುಗಾಟ: ಕುರಿ ಮೇಕೆ ಸಾಕುವವರನ್ನು ಮರೆಯಬೇಡಿ. ಪಾರ್ಕಿಗೆ ಬೇಲಿ ಹಾಕಿದ ಮೇಲೆ ಮೇವಿಗೆ ಜಾಸ್ತಿ ದೂರ ಹೋಗಬೇಕು.

ಸುಮಕ್ಕ: ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಬೇಡಿಕೆ ಬರೆದು ಕೊಡಿ, ನಡಾವಳಿಯಲ್ಲಿ ದಾಖಲಾಯಿತಾ ಅಂತ ನೋಡಿ, ಪ್ರತಿ ತೆಗೆದುಕೊಳ್ಳಿ. ಸುಮ್ನೆ ಬಾಯಿಮಾತಿನಲ್ಲಿ ಹೇಳಿ ಬಂದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಬಯಲುಸೀಮೆ: ಸರಿ ಅಕ್ಕ. ಯಾವ ಬೇಡಿಕೆ ಮೊದಲು?

ಸುಮಕ್ಕ: ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು, ಈ ಕೆಲಸಗಳಲ್ಲಿ ಜಮೀನಿಲ್ಲದ ಮನೆಯ ಹೆಂಗಸರಿಗೆ ಮೊದಲ ಅವಕಾಶ, ಕನಿಷ್ಠ ಕೂಲಿ, ಪಿಎಫ್. ಸಭೆ ಸಂಜೆ ಇಡಿ. ಹಗಲು ಬಂದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ ಅಲ್ವಾ?