ಮನೆಯಲ್ಲಿ ತುಂಬಿ ಕೇಳುವ ಬೇಸ್ ಗಿಟಾರ್ ವೇದಿಕೆಯಲ್ಲಿ ಮಾಯವಾಗುತ್ತದೆ, ಎ ಸ್ವರ ಮಾತ್ರ ಗುಡುಗುತ್ತದೆ

ಮಂದ್ರಪ್ರಿಯ:

ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ವಾರಾಂತ್ಯದಲ್ಲಿ ಸ್ನೇಹಿತರ ಬ್ಯಾಂಡ್ ಜೊತೆ ಸಣ್ಣ ವೇದಿಕೆಗಳನ್ನು ಹತ್ತುವುದಷ್ಟೇ ನನ್ನ ಸಂಗೀತ ಜೀವನ. ಬ್ಯಾಂಡ್‌ನಲ್ಲಿ ಎರಡು ಗಿಟಾರ್, ಕೀಬೋರ್ಡ್, ಡ್ರಮ್ಸ್, ಒಬ್ಬ ಗಾಯಕಿ ಮತ್ತು ನಾನು ಇದ್ದೇವೆ. ನನ್ನದು ನಾಲ್ಕು ತಂತಿಯ ವಾದ್ಯ, ಅದರೊಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ (ಆಂಪಿಗೆ ಹೋಗುವ ಮೊದಲೇ ಧ್ವನಿಯನ್ನು ಬಲಪಡಿಸುವ ಸಣ್ಣ ಸರ್ಕ್ಯೂಟ್) ಇದೆ. ಆಂಪ್ 100 ವ್ಯಾಟ್‌ನದು, 12 ಅಂಗುಲದ ಒಂದೇ ಸ್ಪೀಕರ್.

ಮನೆಯಲ್ಲಿ ನುಡಿಸಿದಾಗ ಧ್ವನಿ ತುಂಬಿ ಬರುತ್ತದೆ. ಬೇಸ್ ಮತ್ತು ಟ್ರೆಬಲ್ ನಾಬ್‌ಗಳನ್ನು ಏರಿಸಿ, ಮಿಡ್ ನಾಬನ್ನು ಇಳಿಸಿ ಇಟ್ಟುಕೊಂಡಿದ್ದೇನೆ. ಆದರೆ ವೇದಿಕೆಯಲ್ಲಿ ಡ್ರಮ್ಸ್ ಆರಂಭವಾದ ಕೂಡಲೇ ನನ್ನದು ನನಗೇ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಗಿಟಾರ್ ವಾದಕರು ತಿರುಗಿ ಮುಖ ಸಿಂಡರಿಸುತ್ತಾರೆ, ಆಮೇಲೆ ಅವರೂ ತಮ್ಮದನ್ನು ಏರಿಸುತ್ತಾರೆ. ಕಳೆದ ಬಾರಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೆಳೆಯನೊಬ್ಬ, "ನೀನು ನುಡಿಸುತ್ತಿರುವುದು ಎದೆಗೆ ತಿಳಿಯುತ್ತದೆ, ಏನು ನುಡಿಸುತ್ತಿರುವೆ ಎಂಬುದು ಮಾತ್ರ ಕಿವಿಗೆ ತಿಳಿಯುವುದಿಲ್ಲ" ಎಂದ. ಇದು ಸಾಲದೆಂಬಂತೆ, ನಮ್ಮ ತಾಲೀಮಿನ ಕೋಣೆಯಲ್ಲಿ ಎ ಸ್ವರವೊಂದೇ ಗುಡುಗಿದಂತೆ ಕೇಳುತ್ತದೆ, ಅದರ ಪಕ್ಕದ ಬಿ ಮತ್ತು ಸಿ ಸಪ್ಪೆಯಾಗಿರುತ್ತವೆ. ಕಳೆದ ಕಾರ್ಯಕ್ರಮದ ಉತ್ತರಾರ್ಧದಲ್ಲಂತೂ ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದರೆ ಧ್ವನಿ ಹರಿದಂತಾಗುತ್ತಿತ್ತು, ಕೊನೆಯ ಎರಡು ಹಾಡುಗಳ ಹೊತ್ತಿಗೆ ತೀರಾ ಕ್ಷೀಣಿಸಿತು. ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ದೊಡ್ಡ ಆಂಪ್ ಕೊಳ್ಳುವುದೊಂದೇ ದಾರಿಯೇ?

ತಂತಿಮೂಲ:

ಹೌದು, ಅದೊಂದೇ ದಾರಿ. ಡ್ರಮ್ಸ್ ಇರುವ ಕಡೆ ಬೇಸ್‌ಗೆ 100 ವ್ಯಾಟ್ ಏನೇನೂ ಸಾಲದು, ಕನಿಷ್ಠ 300 ವ್ಯಾಟ್ ಬೇಕು. ನಾನೂ ಒಂದು ವರ್ಷ ಹೀಗೆಯೇ ಒದ್ದಾಡಿ ಕೊನೆಗೆ ದೊಡ್ಡದನ್ನು ಕೊಂಡೆ.

ಧ್ವನಿಮೇಜು:

ಹಣ ಬಿಚ್ಚುವ ಮೊದಲು ಸ್ವಲ್ಪ ತಾಳಿ. ನಾನು ಬೇಸ್ ನುಡಿಸುವುದರ ಜೊತೆಗೆ ಇತರರ ಕಾರ್ಯಕ್ರಮಗಳಿಗೆ ಎಲ್ಲರ ಧ್ವನಿಯನ್ನೂ ಬೆರೆಸಿ ಹೊಂದಿಸುವ ಮಿಕ್ಸರ್ ಮುಂದೆ ಕೂರುವವನು. ನೀವು ಹೇಳಿರುವುದು ಒಂದು ಕಾಯಿಲೆಯಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕಾಯಿಲೆಗಳು ಒಟ್ಟಿಗೆ ಬಂದಿವೆ ಎಂದು ನನಗೆ ತೋರುತ್ತದೆ. ಕೆಲವು ವಿವರಗಳು ಬೇಕು. ತಾಲೀಮಿನ ಕೋಣೆಯಲ್ಲಿ ಆಂಪ್ ಎಲ್ಲಿರುತ್ತದೆ, ನೀವು ಎಲ್ಲಿ ನಿಲ್ಲುತ್ತೀರಿ, ಕೋಣೆಯ ಅಗಲವೆಷ್ಟು ಎಂಬುದನ್ನು ಟೇಪ್ ಹಿಡಿದು ಅಳೆದು ತಿಳಿಸಿ. ಎ ತಂತಿಯನ್ನು ಬೆರಳೊತ್ತದೆ ಬಿಡಿಯಾಗಿ ಮೀಟಿದಾಗ ಬರುವ ಗುಡುಗು, ಇ ತಂತಿಯ ಐದನೆಯ ಫ್ರೆಟ್‌ನಲ್ಲಿ ಅದೇ ಸ್ವರ ನುಡಿಸಿದಾಗಲೂ ಬರುತ್ತದೆಯೇ? ಬ್ಯಾಟರಿಯನ್ನು ಬದಲಿಸಿ ಎಷ್ಟು ಕಾಲವಾಯಿತು, ವಿರಾಮದಲ್ಲಿ ವಾದ್ಯವನ್ನು ಸ್ಟ್ಯಾಂಡ್‌ಗೆ ಒರಗಿಸುವಾಗ ಕೇಬಲ್ ಕಳಚುತ್ತೀರೋ ಇಲ್ಲವೋ ಎಂಬುದನ್ನೂ ಹೇಳಿ.

ಮಂದ್ರಪ್ರಿಯ:

ಅಳೆದೆ. ಕೋಣೆಯ ಅಗಲ ಹತ್ತು ಅಡಿ ಮೂರು ಅಂಗುಲ. ಆಂಪ್ ಮೂಲೆಯಲ್ಲಿ ನೆಲದ ಮೇಲಿರುತ್ತದೆ, ನಾನು ಅದರ ಮುಂದೆಯೇ ಗೋಡೆಗೆ ಬೆನ್ನು ತಾಗುವಷ್ಟು ಹತ್ತಿರ ನಿಲ್ಲುತ್ತೇನೆ. ಗುಡುಗು ಎರಡೂ ತಂತಿಗಳಲ್ಲಿ ಬರುತ್ತದೆ. ಒಂದು ವಿಚಿತ್ರವೆಂದರೆ, ಕೋಣೆಯ ನಡುವೆ ನಿಲ್ಲುವ ಗಾಯಕಿ "ಎಲ್ಲಿದೆ ಗುಡುಗು, ನನಗೇನೂ ಕೇಳುತ್ತಿಲ್ಲವಲ್ಲ" ಎನ್ನುತ್ತಾರೆ. ಇದುವರೆಗೆ ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಬ್ಯಾಟರಿಯ ವಿಷಯ ಹೇಳಲು ನಾಚಿಕೆಯಾಗುತ್ತದೆ. ವಾದ್ಯ ಕೊಂಡಾಗ ಇದ್ದದ್ದೇ ಈಗಲೂ ಇದೆ, ಹದಿನಾಲ್ಕು ತಿಂಗಳಾಯಿತು. ಕೇಬಲನ್ನು ನಾನು ಕಳಚುವುದೇ ಇಲ್ಲ, ರಾತ್ರಿಯೂ ಹಾಗೆಯೇ ಇರುತ್ತದೆ.

ಧ್ವನಿಮೇಜು:

ಹಾಗಾದರೆ ಸುಲಭವಾದದ್ದನ್ನು ಮೊದಲು ಮುಗಿಸೋಣ. ಪ್ರೀಆಂಪ್ ಇರುವ ಬೇಸ್‌ಗಳಲ್ಲಿ ಬ್ಯಾಟರಿಗೆ ಬೇರೆ ಸ್ವಿಚ್ ಇರುವುದು ಅಪರೂಪ. ಕೇಬಲ್ ಚುಚ್ಚುವ ಜ್ಯಾಕೇ ಸ್ವಿಚ್ಚಿನ ಕೆಲಸವನ್ನೂ ಮಾಡುತ್ತದೆ. ಪ್ಲಗ್ ಒಳಗೆ ಹೋದೊಡನೆ ಪ್ರೀಆಂಪ್‌ಗೆ ವಿದ್ಯುತ್ ಹರಿಯತೊಡಗುತ್ತದೆ, ಆಂಪ್ ಆರಿಸಿದ್ದರೂ ಆ ಹರಿವು ನಿಲ್ಲುವುದಿಲ್ಲ. ಬ್ಯಾಟರಿ ಸೊರಗಿದಾಗ ಧ್ವನಿ ಒಮ್ಮೆಲೇ ಸಾಯುವುದಿಲ್ಲ. ಜೋರಾಗಿ ಮೀಟಿದ ಸ್ವರಗಳು ಮೊದಲು ಒಡೆಯುತ್ತವೆ, ಆಮೇಲೆ ಒಟ್ಟು ಮಟ್ಟ ಇಳಿಯುತ್ತದೆ. ನೀವು ವರ್ಣಿಸಿದ ಉತ್ತರಾರ್ಧ ಅಕ್ಷರಶಃ ಇದೇ ಆಗಿದೆ. ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಹೊಸ ಕ್ಷಾರೀಯ ಬ್ಯಾಟರಿ 9 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸುತ್ತದೆ. 8ಕ್ಕಿಂತ ಕೆಳಗಿದ್ದರೆ ನಾನಾಗಿದ್ದರೆ ಅದನ್ನು ನಂಬಿ ವೇದಿಕೆ ಹತ್ತುವುದಿಲ್ಲ. ಹೊಸದನ್ನು ಹಾಕಿದ ದಿನಾಂಕವನ್ನು ಒಂದು ಚೂರು ಟೇಪಿನ ಮೇಲೆ ಬರೆದು ಬ್ಯಾಟರಿಯ ಬೆನ್ನಿಗೇ ಅಂಟಿಸಿ, ಇನ್ನೊಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಈಗ ಗುಡುಗಿನ ವಿಷಯ. ಗಾಯಕಿ ತಮಾಷೆ ಮಾಡುತ್ತಿಲ್ಲ, ಅವರು ಹೇಳಿದ್ದೇ ನಿಮ್ಮ ಪ್ರಶ್ನೆಗೆ ಸಾಕ್ಷ್ಯ. ಬಿಡಿ ಎ ತಂತಿಯ ಕಂಪನ ಸೆಕೆಂಡಿಗೆ 55. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಆ ಸ್ವರದ ಅಲೆಯುದ್ದ ಸುಮಾರು 6.24 ಮೀಟರ್ ಆಗುತ್ತದೆ. ಅದರ ಅರ್ಧ 3.12 ಮೀಟರ್, ಅಂದರೆ ನಿಮ್ಮ ಹತ್ತು ಅಡಿ ಮೂರು ಅಂಗುಲ. ಎದುರುಬದುರು ಗೋಡೆಗಳ ನಡುವಿನ ದೂರ ಅಲೆಯುದ್ದದ ಅರ್ಧಕ್ಕೆ ಸರಿಹೊಂದಿದಾಗ, ಗೋಡೆಗೆ ಬಡಿದು ಮರಳುವ ಅಲೆಯೂ ಹೊಸದಾಗಿ ಹೊರಡುವ ಅಲೆಯೂ ಸೇರಿ ಕೋಣೆಯಲ್ಲಿ ಒಂದೇ ಕಡೆ ನಿಂತುಬಿಡುತ್ತವೆ. ಗೋಡೆಗಳ ಬಳಿ ಎರಡೂ ಒಂದನ್ನೊಂದು ಹೆಚ್ಚಿಸುತ್ತವೆ. ನಟ್ಟನಡುವೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗಿ ಎರಡೂ ಕಳೆದುಹೋಗುತ್ತವೆ. ನೀವು ಗೋಡೆಗೆ ಒರಗಿದ್ದೀರಿ, ಅವರು ನಡುವೆ ನಿಂತಿದ್ದಾರೆ, ಇಬ್ಬರೂ ನಿಜವನ್ನೇ ಹೇಳುತ್ತಿದ್ದೀರಿ. ಬಿ ಸ್ವರ ಸುಮಾರು 62, ಸಿ ಸುಮಾರು 65. ಅವುಗಳಿಗೆ ಈ ಅಗಲ ಹೊಂದದ ಕಾರಣ ಸಪ್ಪೆಯಾಗಿ ಕೇಳುತ್ತವೆ. ಗುಡುಗು ಒಂದೇ ತಂತಿಯಲ್ಲಿ ಬಂದಿದ್ದರೆ ವಾದ್ಯವನ್ನು ಅನುಮಾನಿಸಬಹುದಿತ್ತು. ಎರಡರಲ್ಲೂ ಬಂದಿರುವುದರಿಂದ ದೋಷ ಕೋಣೆಯದು.

ಮೂಲೆ ಎಂಬುದು ಬೇಸ್ ಆಂಪ್‌ಗೆ ಅತ್ಯಂತ ಕೆಟ್ಟ ಜಾಗ. ಎರಡು ಗೋಡೆ ಮತ್ತು ನೆಲ ಮೂರೂ ಸೇರಿ ಮಂದ್ರವನ್ನು ಊದಿಸುತ್ತವೆ, ಕೋಣೆಯ ಎಲ್ಲ ಅನುರಣನಗಳನ್ನೂ ಕೆಣಕುತ್ತವೆ. ಆಂಪನ್ನು ಅಗಲದ ನಡುಭಾಗಕ್ಕೆ ಎಳೆದು, ನೀವೂ ಗೋಡೆಯಿಂದ ದೂರ ಸರಿದು ಅದೇ ಸಾಲನ್ನು ನುಡಿಸಿ ನೋಡಿ. ವೇದಿಕೆಯಲ್ಲಿ ಅದನ್ನು ಗಟ್ಟಿಯಾದ ಒಂದು ಕುರ್ಚಿಯ ಮೇಲಿಟ್ಟು ನಿಮ್ಮ ಕಿವಿಯ ಕಡೆಗೆ ವಾಲಿಸಿ. ಸ್ವರದ ಅಂಚನ್ನು ತೋರಿಸುವ ಮೇಲಿನ ಕಂಪನಗಳು ಸ್ಪೀಕರಿನಿಂದ ಹೆಚ್ಚಾಗಿ ನೇರವಾಗಿ ಮುಂದಕ್ಕೇ ಹೋಗುತ್ತವೆ. ಆಂಪ್ ನೆಲದ ಮೇಲಿದ್ದರೆ ಅವು ನಿಮ್ಮ ಮೊಣಕಾಲಿಗೆ ಕೇಳಿಸುತ್ತವೆಯೇ ಹೊರತು ಕಿವಿಗಲ್ಲ.

ಇನ್ನು ಮಾಯವಾಗುವ ವಿಷಯ. ಮೆಲ್ಲಗೆ ನುಡಿಸುವಾಗ ನಮ್ಮ ಕಿವಿ ಮಂದ್ರಕ್ಕೆ ಮಂದವಾಗಿರುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಆದ್ದರಿಂದ ಮನೆಯಲ್ಲಿ ಬೇಸ್ ನಾಬನ್ನು ಏರಿಸುವುದು ಸಹಜ, ಅಲ್ಲಿ ಅದು ಚೆನ್ನಾಗಿಯೂ ಕೇಳುತ್ತದೆ. ಅದೇ ಹೊಂದಿಕೆಯನ್ನು ವೇದಿಕೆಯ ಗಟ್ಟಿ ಧ್ವನಿಗೆ ಒಯ್ದರೆ ಮಂದ್ರ ಉಕ್ಕಿ ಹರಿಯುತ್ತದೆ. ಅಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಈಗಾಗಲೇ ಕೆಳಗಿನ ಜಾಗವನ್ನು ಹಿಡಿದಿರುತ್ತದೆ, ಸಿಂಬಲ್‌ಗಳು ಮೇಲಿನ ಜಾಗವನ್ನು ನುಂಗಿರುತ್ತವೆ. ನಿಮಗೆ ಉಳಿಯುವುದು ನಡುವಿನ ಭಾಗ, ಸುಮಾರು 250ರಿಂದ 800 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ಅದನ್ನೇ ನೀವು ಮಿಡ್ ನಾಬ್ ಇಳಿಸಿ ಕೈಯಾರೆ ತೆಗೆದುಹಾಕಿದ್ದೀರಿ. ಇ ತಂತಿಯ ಮೂಲ ಕಂಪನ 41 ಹರ್ಟ್ಸ್ ಎಂಬುದು ನಿಜ, ಆದರೆ 12 ಅಂಗುಲದ ಸಣ್ಣ ಪೆಟ್ಟಿಗೆಯಿಂದ ಅದು ಬರುವುದೇ ಸ್ವಲ್ಪ. ಕಿವಿ 82, 123 ಮುಂತಾದ ಅದರ ಮೇಲಿನ ಸ್ವರಾಂಶಗಳನ್ನು ಹಿಡಿದು ಮೂಲವನ್ನು ತಾನೇ ಊಹಿಸಿಕೊಳ್ಳುತ್ತದೆ. ಎಲ್ಲ ನಾಬ್‌ಗಳನ್ನು ನಡುವಿಗೆ ತಂದು, ಬೇಸನ್ನು ಒಂದು ಕೂದಲಷ್ಟು ಇಳಿಸಿ, ಮಿಡ್ಡನ್ನು ಏರಿಸಿ. ಒಬ್ಬರೇ ನುಡಿಸುವಾಗ ಆ ಧ್ವನಿ ಮೂಗಿನಿಂದ ಮಾತನಾಡಿದಂತೆ ಕೆಟ್ಟದಾಗಿ ಕೇಳುತ್ತದೆ. ಹೆದರಬೇಡಿ, ಡ್ರಮ್ಸ್ ಬಂದ ಮೇಲೆ ತೀರ್ಮಾನಿಸಿ.

ತಂತಿಮೂಲ ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಲೆಕ್ಕ ಸ್ವಲ್ಪ ಬೇರೆ ಹೇಳುತ್ತದೆ. ಅದೇ ಸ್ಪೀಕರಿಗೆ 100ರ ಬದಲು 300 ವ್ಯಾಟ್ ಕೊಟ್ಟರೆ ಹೆಚ್ಚುವುದು 5 ಡೆಸಿಬೆಲ್‌ಗೂ ಕಡಿಮೆ. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಮಿಡ್ ಇಲ್ಲದ ಧ್ವನಿಯನ್ನು ದೊಡ್ಡದು ಮಾಡಿದರೆ ದೊಡ್ಡ ಗುಂಯ್‌ಗಾಟವಷ್ಟೇ ಸಿಗುತ್ತದೆ.

ತಂತಿಮೂಲ:

ನಾನು ಆಂಪ್ ಜೊತೆಗೆ ಸ್ಪೀಕರ್ ಪೆಟ್ಟಿಗೆಯನ್ನೂ ಬದಲಿಸಿದ್ದೆ. ಗುಣವಾದದ್ದು ಬಹುಶಃ ಅದರಿಂದಲೇ ಇರಬೇಕು.

ತಾಳದವನು:

ನಾನು ಡ್ರಮ್ಸ್ ನುಡಿಸುವವನು, ಬೇಸ್ ವಾದಕರ ಪಕ್ಕದಲ್ಲಿ ಕುಳಿತು ಗಮನಿಸಿದ ಒಂದು ವಿಷಯವನ್ನು ಸೇರಿಸುತ್ತೇನೆ. ಅರ್ಧ ಗುಂಯ್‌ಗಾಟ ಆಂಪ್‌ನಿಂದ ಬರುವುದಿಲ್ಲ, ನಿಲ್ಲಿಸದೆ ಬಿಟ್ಟ ತಂತಿಯಿಂದ ಬರುತ್ತದೆ. ಡಿ ತಂತಿಯ ಮೇಲೆ ನುಡಿಸುತ್ತಿರುವಾಗ ಅದಕ್ಕಿಂತ ಮಂದ್ರವಾದ ಎ ತಂತಿ ತನ್ನಷ್ಟಕ್ಕೆ ನಡುಗುತ್ತಿರುತ್ತದೆ. ನಿಮ್ಮ ಕೋಣೆ ಹುಡುಕುತ್ತಿರುವುದೂ ಅದೇ ಸ್ವರವನ್ನು. ಮೀಟುವ ಕೈಯ ಹೆಬ್ಬೆರಳನ್ನು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಮೇಲೆಯೇ ಊರಿಡದೆ, ಮೇಲಿನ ಶ್ರುತಿಯ ತಂತಿಗಳಿಗೆ ಹೋದಾಗ ಅದನ್ನೂ ಜೊತೆಗೆ ಸರಿಸಿ ಬಿಟ್ಟ ತಂತಿಗಳ ಮೇಲೆ ಒರಗಿಸಿ. ಕಿಕ್ ಬಿದ್ದಾಗ ಸ್ವರ ಹುಟ್ಟಲಿ, ಸ್ನೇರ್ ಬೀಳುವ ಹೊತ್ತಿಗೆ ಎಡಗೈ ಬೆರಳನ್ನು ತುಸು ಸಡಿಲಿಸಿ ಅದನ್ನು ಮುಗಿಸಿ. ತಾಲೀಮಿಗೆ ಬೇಕಾದರೆ ಬ್ರಿಡ್ಜ್ (ವಾದ್ಯದ ಒಡಲಿನ ಮೇಲೆ ತಂತಿಗಳು ಕೂರುವ ಭಾಗ) ಬಳಿ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ಸಿಕ್ಕಿಸಿ ನೋಡಿ. 1950ರ ದಶಕದ ಫೆಂಡರ್ ಬೇಸ್‌ಗಳ ಬ್ರಿಡ್ಜ್ ಮುಚ್ಚಳದೊಳಗೆ ತಯಾರಕರೇ ಸ್ಪಂಜು ಇಟ್ಟಿರುತ್ತಿದ್ದರು. ಕೀಬೋರ್ಡ್ ವಾದಕರ ಎಡಗೈ ಎಲ್ಲಿ ಓಡಾಡುತ್ತದೆ ಎಂಬುದನ್ನೂ ಒಮ್ಮೆ ನೋಡಿ, ಅದೂ ನಿಮ್ಮ ಮಂದ್ರದ ಜಾಗಕ್ಕೇ ಇಳಿಯುತ್ತಿರಬಹುದು.

ಮಂದ್ರಪ್ರಿಯ:

ನಿನ್ನೆ ಕಾರ್ಯಕ್ರಮ ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಹಳೆಯ ಬ್ಯಾಟರಿ 6.8 ವೋಲ್ಟ್ ತೋರಿಸಿತು. ಹೊಸದನ್ನು ಹಾಕಿದ ಮೇಲೆ ಧ್ವನಿ ಒಡೆಯಲಿಲ್ಲ. ತಾಲೀಮಿನ ಕೋಣೆಯಲ್ಲಿ ಆಂಪನ್ನು ನಡುವಿಗೆ ಎಳೆದೆ; ಎ ಸ್ವರದ ಗುಡುಗು ಪೂರ್ತಿ ಹೋಗಿಲ್ಲ, ಆದರೆ ಬಿ ಮತ್ತು ಸಿ ಜೊತೆ ಒಂದೇ ಸಾಲಿನಲ್ಲಿ ನಿಲ್ಲುವಷ್ಟಕ್ಕೆ ಬಂದಿದೆ. ಕುತೂಹಲಕ್ಕೆಂದು ಅದೇ ಸ್ವರವನ್ನು ಹಿಡಿದುಕೊಂಡು ಗೋಡೆಯಿಂದ ನಡುವಿನವರೆಗೆ ಮೆಲ್ಲಗೆ ನಡೆದೆ. ನಾಲ್ಕು ಹೆಜ್ಜೆಗಳಲ್ಲಿ ಸ್ವರ ಕಿವಿಯಿಂದ ಜಾರಿಹೋಗಿ, ಎದುರಿನ ಗೋಡೆ ಹತ್ತಿರವಾದಂತೆ ಮತ್ತೆ ಬಂತು. ಗಾಯಕಿಯವರ ಕ್ಷಮೆ ಕೇಳಿದ್ದೇನೆ.

ವೇದಿಕೆಯಲ್ಲಿ ಮಿಡ್ ಏರಿಸಿದ ಧ್ವನಿಯನ್ನು ಒಬ್ಬನೇ ಪರೀಕ್ಷಿಸಿದಾಗ ನಿಜಕ್ಕೂ ನಾಚಿಕೆಯಾಯಿತು, ಎರಡು ಸಲ ನಾಬ್ ಕಡೆ ಕೈ ಹೋಗಿ ಹಿಂದಕ್ಕೆ ಬಂತು. ಡ್ರಮ್ಸ್ ಆರಂಭವಾದ ಮೇಲೆ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿತು, ಮೊದಲಿಗಿಂತ ಕಡಿಮೆ ವಾಲ್ಯೂಮ್‌ನಲ್ಲಿ. ಎರಡನೆಯ ಹಾಡಿನಲ್ಲಿ ನಾನು ಒಂದು ತಪ್ಪು ಸ್ವರ ನುಡಿಸಿದಾಗ ಗಿಟಾರ್ ವಾದಕರು ತಿರುಗಿ ನೋಡಿದರು. ನಾಲ್ಕು ವರ್ಷಗಳಲ್ಲಿ ನನ್ನ ತಪ್ಪು ಯಾರಿಗಾದರೂ ಕೇಳಿಸಿದ್ದು ಇದೇ ಮೊದಲು.

ಹೊಸ ತೊಂದರೆಯೊಂದು ಬಂದಿದೆ. ಆಂಪ್‌ನ ಹಿಂಬದಿಯ, ಮಿಕ್ಸರಿಗೆ ನೇರವಾಗಿ ಧ್ವನಿ ಕಳಿಸುವ ಡಿಐ ಜ್ಯಾಕ್‌ನಿಂದ ಸಭಾಂಗಣದ ಮಿಕ್ಸರಿಗೆ ಕೇಬಲ್ ಕೊಟ್ಟ ಕೂಡಲೇ ಗುಂಯ್ ಎಂಬ ಒಂದೇ ಶ್ರುತಿಯ ಸದ್ದು ಶುರುವಾಗುತ್ತದೆ, ಕೇಬಲ್ ಕಿತ್ತರೆ ನಿಲ್ಲುತ್ತದೆ. ನಮ್ಮವರೊಬ್ಬರು ಆಂಪ್ ಪ್ಲಗ್‌ನ ಅರ್ಥ್ ಪಿನ್ನಿಗೆ ಟೇಪ್ ಸುತ್ತಿದರೆ ಸರಿಹೋಗುತ್ತದೆ ಎಂದರು. ಹಾಗೆ ಮಾಡಬಹುದೇ?

ಧ್ವನಿಮೇಜು:

ಖಂಡಿತ ಬೇಡ. ಸದ್ದು ನಿಲ್ಲುವುದು ನಿಜ, ಆದರೆ ಮುಂದೆಂದಾದರೂ ಆಂಪ್ ಒಳಗೆ ದೋಷವಾದ ದಿನ ನಿಮ್ಮ ತಂತಿಗಳಿಗೇ ವಿದ್ಯುತ್ ಬರುತ್ತದೆ, ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ ವಿದ್ಯುತ್ತಿನ ದಾರಿ ನಿಮ್ಮ ಮೈಯೇ ಆಗುತ್ತದೆ. ಹೀಗೆ ಸತ್ತವರಿದ್ದಾರೆ.

ಕೇಬಲ್ ಕಿತ್ತರೆ ನಿಲ್ಲುವುದರಿಂದ ಇದು ಅರ್ಥ್ ಸುತ್ತು, ಪಿಕಪ್ ದೋಷವಲ್ಲ. ಆಂಪ್ ಒಂದು ಕಡೆಯ ಸಾಕೆಟ್‌ನಿಂದ, ಮಿಕ್ಸರ್ ಇನ್ನೊಂದು ಕಡೆಯ ಸಾಕೆಟ್‌ನಿಂದ ಭೂಮಿಗೆ ಸೇರಿರುತ್ತವೆ. ಕೇಬಲಿನ ಹೊರಬಲೆ ಅವೆರಡನ್ನೂ ಮತ್ತೊಮ್ಮೆ ಜೋಡಿಸಿದಾಗ ಒಂದು ಬಳೆಯಾಗಿ, ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ತೇ ಸದ್ದಾಗುತ್ತದೆ. ಡಿಐ ಜ್ಯಾಕ್ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಎಂದು ಬರೆದ ಸಣ್ಣ ಗುಂಡಿ ಇದ್ದರೆ ಒತ್ತಿ. ಅದು ಧ್ವನಿ ಕೇಬಲಿನ ಹೊರಬಲೆಯನ್ನು ಮಾತ್ರ ಕಡಿಯುತ್ತದೆ, ಗೋಡೆಯ ಅರ್ಥ್ ಹಾಗೆಯೇ ಉಳಿಯುತ್ತದೆ. ಗುಂಡಿ ಇಲ್ಲದಿದ್ದರೆ ಆ ಸೌಲಭ್ಯವಿರುವ, ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಒಂದನ್ನು ವಾದ್ಯಕ್ಕೂ ಆಂಪ್‌ಗೂ ನಡುವೆ ಇಟ್ಟು, ಮಿಕ್ಸರಿಗೆ ಅದರಿಂದಲೇ ಕೇಬಲ್ ಕೊಡಿ. ಆಂಪಿನ ಡಿಐ ಜ್ಯಾಕ್ ಪಕ್ಕದಲ್ಲಿಯೇ ಪ್ರೀ, ಪೋಸ್ಟ್ ಎಂಬ ಇನ್ನೊಂದು ಗುಂಡಿಯೂ ಇರಬಹುದು. ಅದನ್ನು ಪ್ರೀ ಕಡೆ ಇಡಿ. ಪೋಸ್ಟ್‌ನಲ್ಲಿದ್ದರೆ ನೀವು ವೇದಿಕೆಯಲ್ಲಿ ತಿರುಗಿಸಿದ ನಾಬ್‌ಗಳೆಲ್ಲ ಸಭಾಂಗಣದ ಧ್ವನಿಯನ್ನೂ ಬದಲಿಸುತ್ತವೆ, ಮಿಕ್ಸರ್ ಮುಂದೆ ಕೂತವರು ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ. ನಾನೂ ಬೈದುಕೊಂಡಿದ್ದೇನೆ.

ಮಂದ್ರಪ್ರಿಯ:

ಎರಡೂ ಗುಂಡಿಗಳು ಇದ್ದವು, ಇಷ್ಟು ದಿನ ಧೂಳಿನ ಕೆಳಗೆ ಮುಚ್ಚಿಹೋಗಿದ್ದವು. ಇಂದು ಅದೇ ಸಭಾಂಗಣದಲ್ಲಿ ಲಿಫ್ಟ್ ಗುಂಡಿ ಒತ್ತಿದ ಕ್ಷಣವೇ ಸದ್ದು ನಿಂತಿತು, ಇನ್ನೊಂದನ್ನು ಪ್ರೀ ಕಡೆಗೆ ತಳ್ಳಿದ್ದೇನೆ. ಬ್ಯಾಟರಿಯ ಬೆನ್ನಿಗೆ ದಿನಾಂಕ ಅಂಟಿಸಿದ್ದೇನೆ, ಕೇಬಲನ್ನು ಕಳಚಿಯೇ ಮಲಗುತ್ತಿದ್ದೇನೆ. ಹೆಬ್ಬೆರಳು ಸರಿಸುವ ಅಭ್ಯಾಸ ಇನ್ನೂ ಕೈಗೆ ಹತ್ತಿಲ್ಲ, ವೇಗದ ಹಾಡುಗಳಲ್ಲಿ ಅದು ಮತ್ತೆ ಪಿಕಪ್ ಮೇಲೆಯೇ ಹೋಗಿ ಕೂರುತ್ತದೆ. ಕೀಬೋರ್ಡ್ ವಾದಕರಿಗೆ ಎಡಗೈಯನ್ನು ಒಂದು ಸ್ಥಾಯಿ ಮೇಲೆ ನುಡಿಸಿ ಎಂದು ಕೇಳಿಕೊಂಡೆ. ಆಗಲಿ ಎಂದರು, ಎರಡು ಹಾಡು ನುಡಿಸಿದರು, ಮೂರನೆಯದಕ್ಕೆ ಮತ್ತೆ ಕೆಳಗಿಳಿದರು.